ತಿಂಗಳಿಗೆ ಐದು ರೂಪಾಯಿ, ತಿಂಗಳಿಗೆ ಐವತ್ತು ಸೆಂಟ್

ಅಮೆರಿಕದ ಓಹಾಯೊ ರಾಜ್ಯದ ಒಂದು ಸಣ್ಣ ಊರು. 2025ರ ನವೆಂಬರ್, ಥ್ಯಾಂಕ್ಸ್‌ಗಿವಿಂಗ್ ವಾರದ ಸೋಮವಾರ ರಾತ್ರಿ. ಊಟ ಮುಗಿದು ಪಾತ್ರೆಗಳೆಲ್ಲ ತೊಳೆದಾಗಿದೆ. ಅಡುಗೆಮನೆಯ ಮೇಜಿನ ಮೇಲೆ ಮೂರು ಹಾಳೆಯ ಆಸ್ಪತ್ರೆ ಬಿಲ್ಲು. ಮಾವ ಆಸ್ಪತ್ರೆಗಳ ಲೆಕ್ಕಪತ್ರ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು, ಮತ ಹಾಕುವುದು ರಿಪಬ್ಲಿಕನ್ ಪಕ್ಷಕ್ಕೆ. ಎದುರಿಗೆ ಕೂತವಳು ತಂಗಿಯ ಮಗಳು, ಡಯಾಲಿಸಿಸ್ ಘಟಕದಲ್ಲಿ ನರ್ಸ್. ಅವಳ ಅಪ್ಪ ಮಂಡ್ಯದ ಕಡೆಯ ಹಳ್ಳಿಯಿಂದ ಮೂರು ತಿಂಗಳಿಗೆಂದು ಬಂದಿದ್ದಾರೆ, ಒಳಗಿನ ಕೋಣೆಯಲ್ಲಿ ಮಲಗಿದ್ದಾರೆ.

ಸೊಸೆ: ಮಾವ, ಈ ಕಾಗದ ಒಂದು ಸಲ ನೋಡಿ. ಅಪ್ಪನಿಗೆ ಇನ್ನೂ ತೋರಿಸಿಲ್ಲ. ತೋರಿಸಿದರೆ ನಾಳೆಯೇ ಊರಿಗೆ ಹೊರಟುಬಿಡ್ತಾರೆ.

ಮಾವ: ಕೊಡು ಇಲ್ಲಿ. ಒಟ್ಟು 11,860 ಡಾಲರ್. ಎಷ್ಟು ಹೊತ್ತು ಇಟ್ಟುಕೊಂಡಿದ್ದರು?

ಸೊಸೆ: ನಾಲ್ಕೂವರೆ ಗಂಟೆ. ಒಂದು ಬಾಟಲಿ ಸಲೈನ್, ನೋವಿಗೆ ಒಂದು ಇಂಜೆಕ್ಷನ್, ಒಂದು ಸ್ಕ್ಯಾನು. ಕಿಡ್ನಿಯಲ್ಲಿರೋದು ಸಣ್ಣ ಕಲ್ಲು, ತಾನೇ ಹೋಗುತ್ತೆ, ನೀರು ಕುಡೀರಿ ಅಂದು ಕಳಿಸಿದರು. ಮೂರನೇ ದಿನ ಹೋಯಿತು ಕೂಡ. ಊರಿಂದ ಬರುವಾಗ ಮಾಡಿಸಿದ್ದ ವಿಸಿಟರ್ ಇನ್ಶೂರೆನ್ಸ್‌ನವರು, ಹತ್ತು ವರ್ಷದ ಹಿಂದೆಯೂ ಕಲ್ಲಾಗಿತ್ತು, ಇದು ಹಳೇ ಕಾಯಿಲೆ, ನಾವು ಕೊಡಲ್ಲ ಅಂತ ಬರೆದಿದ್ದಾರೆ. ಬೇಜಾರು ಮಾಡ್ಕೋಬೇಡಿ ಮಾವ, ನೀವು ಯಾವಾಗಲೂ ಹೊಗಳೋ ಮಾರುಕಟ್ಟೆ ಅಂದರೆ ಇದೇ ಅಲ್ವಾ?

ಮಾವ: ಇದನ್ನ ಮಾರುಕಟ್ಟೆ ಅಂತೀಯಾ? ಮಂಡ್ಯದ ಸಂತೆಗೆ ನಿನ್ನ ಎಷ್ಟು ಸಲ ಕರ್ಕೊಂಡು ಹೋಗಿದ್ದೀನಿ. ಬದನೆಕಾಯಿ ಬುಟ್ಟಿ ಮುಂದೆ ನಿಂತರೆ ಮೊದಲು ಕಿವಿಗೆ ಬೀಳೋದೇ ಬೆಲೆ. ಪಕ್ಕದವಳು ಅದಕ್ಕಿಂತ ಒಂದು ರೂಪಾಯಿ ಕಮ್ಮಿಗೆ ಕೂಗ್ತಾಳೆ. ಬದನೆಕಾಯಿ ಮನೆಗೆ ತಂದು, ಎಣ್ಣೆಗಾಯಿ ಮಾಡಿ, ತಿಂದು ಕೈ ತೊಳೆದು, ತಿಂಗಳಾದ ಮೇಲೆ ಅಂಚೆಯಲ್ಲಿ ಬೆಲೆ ಬರೋ ಸಂತೆ ಯಾವೂರಲ್ಲಿದೆ? ಇಲ್ಲಿ ನೋಡು, 74176. ಇದು ಹೊಟ್ಟೆ ಸ್ಕ್ಯಾನಿನ ಸಂಖ್ಯೆ, 6,420 ಡಾಲರ್. ಕೆಳಗೆ 99284, ಎಮರ್ಜೆನ್ಸಿಗೆ ಬಂದದ್ದಕ್ಕೆ, ಐದರಲ್ಲಿ ನಾಲ್ಕನೇ ದರ್ಜೆ, 3,150. ಮಿಕ್ಕ 2,290 ರಕ್ತಪರೀಕ್ಷೆ, ಸಲೈನು, ಇಂಜೆಕ್ಷನ್ನಿಗೆ. ಇದೇ ಸ್ಕ್ಯಾನಿಗೆ ಸರ್ಕಾರದ ಮೆಡಿಕೇರ್ ಕೊಡೋದು ಒಂದು ದರ, ಒಂದು ಇನ್ಶೂರೆನ್ಸ್ ಕಂಪನಿ ಕೊಡೋದು ಇನ್ನೊಂದು, ಪಕ್ಕದ ಕಂಪನಿ ಮತ್ತೊಂದು. ಈ 6,420 ಬಹುತೇಕ ಯಾರೂ ಕೊಡದೆ ಇರೋ ಬೆಲೆ. ಯಾರ ಬೆನ್ನಿಗೆ ಯಾರೂ ಇಲ್ಲವೋ ಅವರಿಗೆ ಮಾತ್ರ ಕಳಿಸೋದು. ಚಾರ್ಜ್‌ಮಾಸ್ಟರ್ ಅಂತಾರೆ ಈ ಪಟ್ಟಿಗೆ. ವರ್ಷಕ್ಕೊಮ್ಮೆ ಕೂತು ಅದನ್ನ ಸೇಕಡಾ ಇಷ್ಟು ಅಂತ ಏರಿಸಿದ ಕೈ ಇದು. ಆ ಸಂಖ್ಯೆಯ ಹಿಂದೆ ಖರ್ಚಿನ ಲೆಕ್ಕ ಇರಲಿಲ್ಲ. ಕಂಪನಿಗಳಿಗೆ ರಿಯಾಯಿತಿ ಕೊಟ್ಟಂತೆ ತೋರಿಸೋಕೆ ಮೇಲೆ ಜಾಗ ಬೇಕಿತ್ತು, ಅಷ್ಟೇ. ನಿಮ್ಮಪ್ಪನಂಥವರ ಕೈಗೂ ಆ ಕಾಗದ ಹೋಗುತ್ತೆ ಅಂತ ಗೊತ್ತಿದ್ದೂ ಮಾಡಿದೆ. ಅದಕ್ಕೆ ಇವತ್ತಿಗೂ ನನಗೆ ನೋವಿದೆ.

ಸೊಸೆ: ಹಾಗಾದರೆ ಸರ್ಕಾರ ಮಧ್ಯೆ ಬರಬೇಡ ಅಂತ ಯಾಕೆ ಹೇಳ್ತೀರಾ? ಇಂಥದ್ದನ್ನ ತಡೆಯೋಕೇ ಅಲ್ವಾ ಸರ್ಕಾರ ಇರೋದು?

ಮಾವ: ಇದು ಹುಟ್ಟಿದ್ದೇ ಸರ್ಕಾರದ ಒಂದು ಆದೇಶದಿಂದ. ಎರಡನೇ ಮಹಾಯುದ್ಧದ ಹೊತ್ತಿಗೆ, 1942ರಲ್ಲಿ, ಸಂಬಳ ಏರಿಸಬಾರದು ಅಂತ ಕಾನೂನು ಮಾಡಿದರು. ಕಾರ್ಖಾನೆಗಳಿಗೆ ಆಳು ಸಿಗ್ತಿಲ್ಲ, ಸಂಬಳ ಏರಿಸೋ ಹಾಗಿಲ್ಲ. ಆರೋಗ್ಯ ವಿಮೆ ಮಾತ್ರ ಸಂಬಳದ ಲೆಕ್ಕಕ್ಕೆ ಬರಲ್ಲ ಅಂತ ಒಂದು ಕಿಂಡಿ ಬಿಟ್ಟರು. ಎಲ್ಲರೂ ಆ ಕಿಂಡಿಯಲ್ಲೇ ನುಗ್ಗಿದರು. 1954ರಲ್ಲಿ ಅದನ್ನೇ ತೆರಿಗೆ ಕಾನೂನಿಗೆ ಬರೆದುಕೊಂಡರು. ಧಣಿ ವಿಮೆ ಕೊಡಿಸಿದರೆ ತೆರಿಗೆ ಇಲ್ಲ, ನೀನೇ ನಿನ್ನ ಸಂಬಳದಿಂದ ಡಾಕ್ಟರಿಗೆ ಕೊಟ್ಟರೆ ತೆರಿಗೆ ಕಟ್ಟಿ ಉಳಿದದ್ದರಲ್ಲಿ ಕೊಡಬೇಕು. ಅಲ್ಲಿಂದ ರೋಗಿಗೂ ವೈದ್ಯನಿಗೂ ನಡುವೆ ಮೂರನೆಯವನು ಬಂದು ಕೂತ. ಚಿಕಿತ್ಸೆ ತಗೊಳ್ಳೋನು ಒಬ್ಬ, ಕೊಡೋನು ಒಬ್ಬ, ದುಡ್ಡು ಕಟ್ಟೋನು ಇನ್ನೊಬ್ಬ. ಬೆಲೆ ಎಷ್ಟು ಅಂತ ಕೇಳೋ ಅಭ್ಯಾಸವೇ ಜನಕ್ಕೆ ತಪ್ಪಿಹೋಯಿತು. ಕೆಲಸ ಹೋದರೆ ವಿಮೆಯೂ ಹೋಯಿತು. ನಮ್ಮ ಕನ್ನಡ ಕೂಟದಲ್ಲೇ ನೋಡ್ತೀಯಲ್ಲ, ಎಚ್-1ಬಿ ಮೇಲೆ ಬಂದ ಹುಡುಗರಿಗೆ ಕೆಲಸ ಹೋದ ವಾರ ಮೊದಲ ಚಿಂತೆ ವೀಸಾದ್ದು, ಎರಡನೇದು ಬಸುರಿ ಹೆಂಡತಿಯ ಡಾಕ್ಟರದ್ದು.

ಸೊಸೆ: ಅದಕ್ಕೂ ಮುಂಚೆ ಏನು ಸುಖವಿತ್ತು ಮಾವ? ದುಡ್ಡಿದ್ದವನು ಬದುಕ್ತಿದ್ದ, ಇಲ್ಲದವನು ಸಾಯ್ತಿದ್ದ.

ಮಾವ: ಎಷ್ಟೋ ಜನ ಹಾಗೇ ಸತ್ತರು, ನಿಜ. ಆದರೆ ಜನ ಕೈಕಟ್ಟಿ ಕೂತಿರಲಿಲ್ಲ ಅನ್ನೋದನ್ನ ಯಾರೂ ಹೇಳಲ್ಲ. 1929ರಲ್ಲಿ ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಶಾಲಾ ಮೇಷ್ಟ್ರುಗಳು, ಮೇಡಮ್ಮುಗಳು ಸೇರಿ ಬೇಲರ್ ಆಸ್ಪತ್ರೆ ಜೊತೆ ಒಂದು ಮಾತು ಮಾಡಿಕೊಂಡರು. ತಲೆಗೆ ತಿಂಗಳಿಗೆ ಐವತ್ತು ಸೆಂಟ್. ಕಾಯಿಲೆ ಬಿದ್ದರೆ 21 ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡಬೇಕು. ಇವತ್ತು ಬ್ಲೂ ಕ್ರಾಸ್ ವಿಮೆ ಅಂತ ಹೆಸರು ಕೇಳ್ತೀಯಲ್ಲ, ಅದರ ಬೇರು ಅದು. ಅದಕ್ಕೂ ಮುಂಚೆ ಗಣಿ ಕೂಲಿಗಳು, ವಲಸೆ ಬಂದವರು, ಕರಿಯರು, ಎಲ್ಲರದ್ದೂ ಲಾಡ್ಜ್ ಅನ್ನೋ ಸಂಘಗಳಿದ್ದವು. ವರ್ಷಕ್ಕೆ ಒಂದೆರಡು ಡಾಲರ್ ಕೊಟ್ಟರೆ ಸಂಘದ ಡಾಕ್ಟರು ಮನೆಗೆ ಬಂದು ನೋಡ್ತಿದ್ದ. ಆ ಏರ್ಪಾಡನ್ನ ಕೆಡಿಸಿದವರಲ್ಲಿ ವೈದ್ಯರ ಸಂಘಗಳೂ ಇವೆ, ನಮ್ಮ ಆದಾಯಕ್ಕೆ ಕಲ್ಲು ಬೀಳುತ್ತೆ ಅಂತ. ಇದನ್ನೆಲ್ಲ ಓದಿದಾಗ ನನಗೆ ಡಲ್ಲಾಸ್ ಕಣ್ಣಿಗೆ ಬರಲಿಲ್ಲ, ನಮ್ಮೂರ ಹಾಲಿನ ಸೊಸೈಟಿ ಬಂತು.

ಸೊಸೆ: ಯಶಸ್ವಿನಿ ಆರೋಗ್ಯ ಯೋಜನೆಯಾ?

ಮಾವ: ಯಶಸ್ವಿನಿಯೇ. 2003ರಲ್ಲಿ ಶುರುವಾದಾಗ ತಿಂಗಳಿಗೆ ಐದು ರೂಪಾಯಿ, ವರ್ಷಕ್ಕೆ ಅರವತ್ತು. ಸಹಕಾರ ಸಂಘದ ಸದಸ್ಯನಾಗಿದ್ದರೆ ಸಾಕು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ನಿನ್ನ ತಾತ ಸೇರಲ್ಲ ಅಂದಿದ್ದರು, ಕಾಯಿಲೆಗೆ ಮುಂಗಡ ಕಟ್ಟೋದು ಅಪಶಕುನ ಅಂತ. ಸೊಸೈಟಿ ಕಾರ್ಯದರ್ಶಿ ಸಂಜೆ ಹಾಲು ಅಳೆಯೋವಾಗ ಕ್ಯಾನು ಹಿಡಿದು ನಿಂತಿದ್ದ ಅವರಿಗೆ, ಗೌಡ್ರೇ, ಬಟವಾಡೆಯಲ್ಲಿ ಹಿಡ್ಕೋತೀನಿ, ಬೈಯೋದಾದ್ರೆ ಮುಂದಿನ ವರ್ಷ ಬೈಯಿರಿ ಅಂದನಂತೆ. ಎರಡು ವರ್ಷಕ್ಕೆ ಪಿತ್ತಕೋಶದ ಆಪರೇಷನ್ ಆಯಿತು ಮೈಸೂರಲ್ಲಿ. ಕಾರ್ಡು ತೋರಿಸಿ ಮಾಡಿಸಿಕೊಂಡು ಬಂದರು. ಬಂದವರೇ ಮೊದಲು ಹೋಗಿದ್ದು ಮನೆಗಲ್ಲ, ಡೈರಿ ಮುಂದಕ್ಕೆ. ಆ ಊರಲ್ಲಿ ಅರವತ್ತು ರೂಪಾಯಿ ಯಾರು ಕಟ್ಟಿದ್ದಾರೆ, ಯಾರ ದುಡ್ಡಲ್ಲಿ ಯಾರಿಗೆ ಆಪರೇಷನ್ ಆಯಿತು ಅಂತ ಎಲ್ಲರಿಗೂ ಗೊತ್ತಿತ್ತು. ಕೊಟ್ಟವನಿಗೆ ತಗೊಂಡವನ ಮುಖ ಕಾಣಬೇಕು. ನನ್ನ ರಾಜಕೀಯ ಅಂತ ಏನಿದ್ದರೂ ಇಷ್ಟೇ ಕಣಮ್ಮ.

ಸೊಸೆ: ಯಶಸ್ವಿನಿಗೂ ರಾಜ್ಯ ಸರ್ಕಾರ ದುಡ್ಡು ಹಾಕ್ತಿತ್ತು ಮಾವ. ಬರೀ ಐದು ರೂಪಾಯಿಯಲ್ಲಿ ನಡೀಲಿಲ್ಲ ಅದು. ಆಪರೇಷನ್‌ಗೆ ಮಾತ್ರ ಇತ್ತು, ದಿನದ ಮಾತ್ರೆಗೆ ಇರಲಿಲ್ಲ. ಸೊಸೈಟಿ ಸದಸ್ಯನಲ್ಲದ ಕೂಲಿಯವನಿಗೆ ಕಾರ್ಡೇ ಇರಲಿಲ್ಲ.

ಮಾವ: ಒಪ್ಪಿದೆ. ಸರ್ಕಾರ ಕೈ ಕೊಡಲಿ, ಬೇಡ ಅನ್ನಲ್ಲ. ಕೈ ಕೊಡೋದು ಬೇರೆ, ಯಜಮಾನ ಆಗೋದು ಬೇರೆ. 2018ರಲ್ಲಿ ಅದನ್ನ ಆರೋಗ್ಯ ಕರ್ನಾಟಕ ಅನ್ನೋ ದೊಡ್ಡ ಯೋಜನೆಯೊಳಗೆ ಸೇರಿಸಿಬಿಟ್ಟರು. ರೈತರು ನಮ್ಮದು ನಮಗೆ ಬೇಕು ಅಂತ ಕೇಳ್ತಾನೇ ಇದ್ದರು. ಕೆಲವು ವರ್ಷಕ್ಕೆ ಮತ್ತೆ ಬೇರೆಯಾಗಿ ತರಬೇಕಾಯಿತು. ಪುಕ್ಕಟೆ ಸಿಗೋದಿದ್ದರೂ ಕಟ್ಟಿ ಪಡೆಯೋದನ್ನ ಯಾಕೆ ಕೇಳಿದರು, ಯೋಚನೆ ಮಾಡು.

ಸೊಸೆ: ನಾನು ಯೋಚನೆ ಮಾಡೋದು ನನ್ನ ಡಯಾಲಿಸಿಸ್ ಕುರ್ಚಿಗಳಲ್ಲಿ ಕೂರೋ ಜನರ ಬಗ್ಗೆ. ಬೆಳಿಗ್ಗೆ ಐದೂವರೆಗೆ ಮೊದಲ ಪಾಳಿ. ಕತ್ತಲಲ್ಲೇ ಬರ್ತಾರೆ, ಮನೆಯಿಂದಲೇ ಕಂಬಳಿ ತರ್ತಾರೆ, ರಕ್ತ ಹೊರಗೆ ಓಡೋವಾಗ ಚಳಿಯಾಗುತ್ತೆ ಅಂತ. ಸೂಜಿ ಹಾಕೋಕೆ ಮುಂಚೆ ತೋಳಿನ ಫಿಸ್ಟುಲಾ, ಅಂದರೆ ರಕ್ತನಾಳ ಜೋಡಿಸಿರೋ ಜಾಗದ ಮೇಲೆ ಬೆರಳಿಡ್ತೀನಿ. ಒಳಗೆ ರಕ್ತ ನಡುಗೋದು ಗೊತ್ತಾಗುತ್ತೆ, ಜೇನುಗೂಡಿನ ಮೇಲೆ ಕೈ ಇಟ್ಟ ಹಾಗೆ. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ, ಬೇರೆ ಕಿಡ್ನಿ ಸಿಗದಿದ್ದರೆ ಜೀವ ಇರೋವರೆಗೂ. ಅವರಲ್ಲಿ ಒಬ್ಬನಿಗೆ 41 ವರ್ಷ. ಮೆಡಿಕೇರ್ 65 ದಾಟಿದವರಿಗೆ ಅಲ್ವಾ, ಆದರೆ ಕಿಡ್ನಿ ಹೋದವರಿಗೆ ವಯಸ್ಸು ಎಷ್ಟೇ ಇದ್ದರೂ ಸಿಗಬೇಕು ಅಂತ 1972ರಲ್ಲಿ ಕಾನೂನಾಯಿತು. ಸಹಿ ಹಾಕಿದ್ದು ನಿಮ್ಮ ಪಕ್ಷದ ನಿಕ್ಸನ್. ಆ ಸಹಿ ಇಲ್ಲದಿದ್ದರೆ ನನ್ನ ಕುರ್ಚಿಗಳು ಅರ್ಧಕ್ಕರ್ಧ ಖಾಲಿ. ಅಲ್ಲಿ ಕೊಟ್ಟವನಿಗೆ ಯಾರ ಮುಖವೂ ಕಾಣಲ್ಲ. ಆದರೂ ಆ ಮನುಷ್ಯ ಬದುಕಿದ್ದಾನೆ.

ಮಾವ: ಅದನ್ನ ಕೀಳೋ ಮಾತು ನನ್ನ ಬಾಯಲ್ಲಿ ಯಾವತ್ತೂ ಬರಲ್ಲ. ಕನ್ಸರ್ವೇಟಿವ್ ಅಂದರೆ ಬೇರು ಬಿಟ್ಟಿದ್ದನ್ನ ಉಳಿಸೋನು ಅಂತ ತಿಳಿದವನು ನಾನು. ಐವತ್ತು ವರ್ಷದಿಂದ ಜನ ನೆಚ್ಚಿಕೊಂಡು ಬದುಕಿರೋ ಒಂದು ಏರ್ಪಾಡನ್ನ, ಪುಸ್ತಕದಲ್ಲಿ ಹೀಗಿರಬೇಕಿತ್ತು ಅಂತ ಕೆಡವೋನು ಕನ್ಸರ್ವೇಟಿವ್ ಅಲ್ಲ, ಯಾವ ಪಕ್ಷದ ಪಿನ್ನು ಕೋಟಿಗೆ ಚುಚ್ಚಿಕೊಂಡಿದ್ದರೂ ಸರಿ. ಮೆಡಿಕೇರ್ 1965ರಲ್ಲಿ ಬಂದಾಗ ಕೆಳಮನೆಯಲ್ಲಿ ಕೊನೇ ಮತ 307ಕ್ಕೆ 116. ರಿಪಬ್ಲಿಕನ್ನರೇ 70 ಜನ ಹೌದು ಅಂದಿದ್ದರು. ಸೆನೆಟ್‌ನಲ್ಲಿ 70ಕ್ಕೆ 24, ಅಲ್ಲೂ ನಮ್ಮವರು 13. ಎರಡು ಕಡೆಯವರ ಕೈ ತಾಗಿದ ಕಾನೂನು ಅದು. ಅದಕ್ಕೇ ನಿಂತಿದೆ. 2010ರ ಒಬಾಮಾ ಕಾನೂನು?

ಸೊಸೆ: ಗೊತ್ತು. ಒಬ್ಬ ರಿಪಬ್ಲಿಕನ್ನನೂ ಮತ ಹಾಕಲಿಲ್ಲ.

ಮಾವ: 219ಕ್ಕೆ 212. ದೇಶದ ಆರರಲ್ಲೊಂದು ಪಾಲು ದುಡ್ಡು ಓಡಾಡೋ ವ್ಯವಹಾರವನ್ನ ಏಳು ಮತದ ಅಂತರದಲ್ಲಿ ತಿರುಗಿಸಿದರು. ಮ್ಯಾಸಚೂಸೆಟ್ಸ್, ಟೆಡ್ ಕೆನಡಿ ನಿಂತು ಗೆಲ್ತಿದ್ದ ರಾಜ್ಯ, ಆ ಜನವರಿಯಲ್ಲಿ ಅಲ್ಲಿನ ಜನ ರಿಪಬ್ಲಿಕನ್ನನನ್ನ ಸೆನೆಟ್‌ಗೆ ಕಳಿಸಿ, ನಿಧಾನ ಮಾಡಿ ಅಂತ ಹೇಳಿದರು. ಕೇಳಲಿಲ್ಲ. ನಿಮ್ಮ ವಿಮೆ ನಿಮಗೆ ಇಷ್ಟವಿದ್ದರೆ ಇಟ್ಟುಕೊಳ್ಳಬಹುದು ಅಂತ ಅಧ್ಯಕ್ಷರು ಊರೂರಲ್ಲಿ ಮಾತು ಕೊಟ್ಟಿದ್ದರು. 2013ರಲ್ಲಿ ಲಕ್ಷಾಂತರ ಮನೆಗಳಿಗೆ ನಿಮ್ಮ ವಿಮೆ ರದ್ದಾಗಿದೆ ಅಂತ ಪತ್ರ ಹೋಯಿತು. ಬಹುತೇಕ ರಾಜ್ಯಗಳಲ್ಲಿ ಸ್ವಂತವಾಗಿ ವಿಮೆ ಕೊಳ್ಳೋರ ಸರಾಸರಿ ಕಂತು ವರ್ಷಕ್ಕೆ 2,784 ಡಾಲರ್ ಇದ್ದದ್ದು 2017ರ ಹೊತ್ತಿಗೆ 5,712 ಆಯಿತು. ಇದು ಸರ್ಕಾರದ್ದೇ ಲೆಕ್ಕ. ಮುದುಕರಿಗೆ ಹಾಕೋ ಕಂತು ಹುಡುಗರದ್ದರ ಮೂರು ಪಟ್ಟು ದಾಟಬಾರದು ಅಂತ ಬರೆದರು. ಕೇಳೋಕೆ ಚೆನ್ನಾಗಿದೆ. ಆದರೆ ಮುದುಕರ ಖರ್ಚು ಅದಕ್ಕಿಂತ ಜಾಸ್ತಿ, ಆ ಹೆಚ್ಚುವರಿಯನ್ನ ಪೇಂಟು ಬಳಿಯೋ ಹುಡುಗನ ತಲೆಗೆ ಕಟ್ಟಿದ ಹಾಗಾಯಿತು. ಇನ್ನೊಂದು ಕಲಮು ಯಾರ ಕಣ್ಣಿಗೂ ಬೀಳಲಿಲ್ಲ. ವೈದ್ಯರೇ ಸೇರಿ ಕಟ್ಟೋ ಹೊಸ ಆಸ್ಪತ್ರೆಗಳಿಗೆ ಮೆಡಿಕೇರ್ ದುಡ್ಡು ಇಲ್ಲ ಅಂತ. ಅಂದರೆ ಊರಿನ ದೊಡ್ಡ ಆಸ್ಪತ್ರೆಗೆ ಎದುರು ಅಂಗಡಿ ಏಳದ ಹಾಗೆ ಬೇಲಿ. ಆಗ ನಾನು ದೊಡ್ಡ ಆಸ್ಪತ್ರೆಯ ಕಡೆಯೇ ಕೂತಿದ್ದೆ. ಆ ಕಲಮು ಓದಿ ನಮ್ಮ ಮೇಲಿನವರ ಮುಖ ಹೇಗೆ ಅರಳಿತು ಅಂತ ನೋಡಿದ್ದೀನಿ.

ಸೊಸೆ: ಹಳೇ ಕಂತು ಕಡಿಮೆ ಇತ್ತು ಅಂದಿರಲ್ಲ, ಯಾಕೆ ಕಡಿಮೆ ಇತ್ತು? ಕಾಯಿಲೆ ಇದ್ದವರನ್ನ ಹೊರಗಿಡ್ತಿದ್ದರು, ಅದಕ್ಕೆ. ಇವತ್ತು ಅಪ್ಪನಿಗೆ ಬಂದಿರೋ ಪತ್ರ ಇದೆಯಲ್ಲ, ಹಳೇ ಕಾಯಿಲೆ, ನಾವು ಕೊಡಲ್ಲ ಅಂತ, ಅಂಥ ಪತ್ರ ಆಗ ಈ ದೇಶದವರಿಗೇ ಬರ್ತಿತ್ತು. ಆ 41ರ ಮನುಷ್ಯನಿಗೂ ಬಂದಿತ್ತು. 2008ರಲ್ಲಿ ಕೆಲಸ ಹೋಯಿತು, ಬಿ.ಪಿ. ಇದೆ ಅಂತ ಯಾರೂ ವಿಮೆ ಕೊಡಲಿಲ್ಲ. ಐದು ವರ್ಷ ಡಾಕ್ಟರ ಮುಖ ನೋಡಿಲ್ಲ. ಬಿ.ಪಿ. ಒಳಗೊಳಗೇ ಕಿಡ್ನಿ ತಿಂದುಹಾಕ್ತು. ಕಿಡ್ನಿ ಹಾಳಾಗೋವರೆಗೂ ಈ ದೇಶ ಅವನಿಗೆ ಒಂದು ಮಾತ್ರೆ ಕೊಡಿಸಲಿಲ್ಲ. ಹಾಳಾದ ಮೇಲೆ ವರ್ಷ ವರ್ಷ ಸಾವಿರಾರು ಡಾಲರ್ ಸುರಿಯುತ್ತೆ. 2010ರಲ್ಲಿ ನೂರಕ್ಕೆ 16 ಜನಕ್ಕೆ ವಿಮೆ ಇರಲಿಲ್ಲ, ಈಗ ಸುಮಾರು ಎಂಟು. ಆ ಎಂಟರ ವ್ಯತ್ಯಾಸದಲ್ಲಿ ಅವನಂಥವರು ಎಷ್ಟು ಜನ ಉಳಿದುಕೊಂಡರೋ.

ಮಾವ: (ಬಿಲ್ಲನ್ನು ಮಡಿಸಿ, ಮತ್ತೆ ಬಿಡಿಸಿ) ಇದಕ್ಕೆ ನನ್ನ ಹತ್ತಿರ ಹಾರಿಕೆ ಉತ್ತರ ಇಲ್ಲ. ಇಂಥವರಿಗಾಗಿ 35 ರಾಜ್ಯಗಳಲ್ಲಿ ಪ್ರತ್ಯೇಕ ನಿಧಿಗಳಿದ್ದವು, ಕಾಯಿಲೆ ಇದ್ದವರನ್ನೇ ಸೇರಿಸಿಕೊಳ್ಳೋಕೆ. ಯೋಚನೆ ಸರಿಯಾಗಿತ್ತು. ದುಡ್ಡು ಹಾಕಲಿಲ್ಲ. ಕಂತು ಜಾಸ್ತಿ, ಕೆಲವು ಕಡೆ ಬಾಗಿಲೇ ಮುಚ್ಚಿದ್ದರು. ನಿಧಿಗೆ ದುಡ್ಡು ಹಾಕದೆ ನಿಧಿ ಇದೆ ಅಂತ ಭಾಷಣ ಮಾಡಿದವರಲ್ಲಿ ನನ್ನವರೇ ಹೆಚ್ಚು. ಅದಕ್ಕಿಂತ ದೊಡ್ಡ ಅವಮಾನ 2017ರದ್ದು. ಏಳು ವರ್ಷ ಒಬಾಮಾ ಕಾನೂನು ಕಿತ್ತುಹಾಕ್ತೀವಿ ಅಂತ ಮತ ಕೇಳಿದರು. ಮೇಲ್ಮನೆ, ಕೆಳಮನೆ, ಅಧ್ಯಕ್ಷ ಪದವಿ ಮೂರೂ ಕೈಗೆ ಬಂತು. ತೆಗೆದು ನೋಡಿದರೆ ಚೀಲದಲ್ಲಿ ಬಿತ್ತನೆಯೇ ಇಲ್ಲ. ಜುಲೈ 28ರ ನಡುರಾತ್ರಿ ಸೆನೆಟ್‌ನಲ್ಲಿ 49ಕ್ಕೆ 51, ಬಿದ್ದುಹೋಯಿತು. ಮೆದುಳಿನ ಕ್ಯಾನ್ಸರ್ ಅಂತ ಗೊತ್ತಾಗಿ ಇನ್ನೂ ಎರಡು ವಾರವೂ ಕಳೆದಿರಲಿಲ್ಲ, ಜಾನ್ ಮೆಕೇನ್ ಬಂದು ಹೆಬ್ಬೆರಳು ಕೆಳಗೆ ಮಾಡಿದರು. ನಮ್ಮ ಗೆಳೆಯರೆಲ್ಲ ಅವರನ್ನ ದ್ರೋಹಿ ಅಂದರು. ನಾನು ಟಿ.ವಿ. ಮುಂದೆ ಎದ್ದು ನಿಂತೆ. ಆವತ್ತು ಮತಕ್ಕೆ ಬಂದಿದ್ದ ಮಸೂದೆಯನ್ನ ಸೆನೆಟರುಗಳೇ ಸರಿಯಾಗಿ ಓದಿರಲಿಲ್ಲ. ಕೆಲವೇ ಗಂಟೆ ಮುಂಚೆ ಕೈಗೆ ಬಂದಿತ್ತು. ಅವರು ಆತುರದಲ್ಲಿ ಕಟ್ಟಿದ್ದನ್ನ ನಾವು ಆತುರದಲ್ಲಿ ಕೆಡವಿದರೆ ಅವರಿಗೂ ನಮಗೂ ಏನು ವ್ಯತ್ಯಾಸ?

ಸೊಸೆ: ಇದನ್ನ ನಿಮ್ಮ ಗೆಳೆಯರ ಮುಂದೆ ಹೇಳಿದ್ರಾ?

ಮಾವ: ಹೇಳಿದೆ. ಇಬ್ಬರು ಮಾತು ಬಿಟ್ಟರು. ಅದಿರಲಿ, ನಮ್ಮ ಓಹಾಯೊದ ಜನ ಎಂಥವರು ಅಂತ ಒಂದು ಮಾತು ಹೇಳ್ತೀನಿ. 2011ರ ನವೆಂಬರ್‌ನಲ್ಲಿ ಒಂದೇ ಮತಪತ್ರದಲ್ಲಿ ಎರಡು ಪ್ರಶ್ನೆ ಇದ್ದವು. ವಿಮೆ ಕೊಳ್ಳಲೇಬೇಕು ಅಂತ ಯಾರನ್ನೂ ಬಲವಂತ ಮಾಡಬಾರದು ಅನ್ನೋದು ಒಂದು. ಮೂರರಲ್ಲಿ ಎರಡು ಪಾಲು ಜನ ಹೌದು, ಬಲವಂತ ಬೇಡ ಅಂದರು. ಶಿಕ್ಷಕರು, ಪೊಲೀಸರ ಯೂನಿಯನ್‌ಗಳ ಹಕ್ಕು ಮೊಟಕು ಮಾಡಿ ರಿಪಬ್ಲಿಕನ್ನರು ತಂದ ಕಾನೂನು ಇರಲಾ ಬೇಡವಾ ಅನ್ನೋದು ಇನ್ನೊಂದು. ಅದನ್ನೂ ಬೇಡ ಅಂತ ಎತ್ತಿ ಎಸೆದರು. ಅದೇ ದಿನ, ಅದೇ ಪೆನ್ನಲ್ಲಿ. ಟಿ.ವಿ.ಯವರಿಗೆ ಇದು ಅರ್ಥ ಆಗಲಿಲ್ಲ. ನನಗೆ ಚೆನ್ನಾಗಿ ಅರ್ಥ ಆಯಿತು. ವಾಷಿಂಗ್ಟನ್ ಆಗಲಿ, ನಮ್ಮ ರಾಜಧಾನಿ ಕೊಲಂಬಸ್ ಆಗಲಿ, ನಮ್ಮ ಮೇಲೆ ಏರಿ ಬರಬೇಡಿ ಅಂತ ಹೇಳಿದ್ದು ಅದು.

ಸೊಸೆ: ಆದರೆ ಬಡವರ ವಿಮೆ ಮೆಡಿಕೇಯ್ಡ್‌ನ ವಿಸ್ತರಣೆ ಬಂತಲ್ಲ ಇಲ್ಲಿಗೆ, ಆಗಿನ ಗವರ್ನರ್ ಜಾನ್ ಕೇಸಿಕ್ ತಂದರಲ್ಲ. ಅವರೂ ರಿಪಬ್ಲಿಕನ್ನೇ.

ಮಾವ: ತಂದರು. 2012ರಲ್ಲಿ ಸುಪ್ರೀಂ ಕೋರ್ಟು, ಬಡವರ ವಿಮೆಯನ್ನ ವಿಸ್ತರಿಸೋದು ಬಿಡೋದು ರಾಜ್ಯಗಳಿಗೆ ಬಿಟ್ಟದ್ದು ಅಂತು. ಆ ತೀರ್ಪಿನ ಆ ಭಾಗ ನನಗೆ ಪ್ರಿಯ. ರಾಜ್ಯ ತಾನೇ ಯೋಚಿಸಿ ನಿರ್ಧಾರ ಮಾಡಲಿ. ಕೇಸಿಕ್ ಯೋಚಿಸಿದರು. ಜೈಲಿನಲ್ಲಿರೋ ಮನೋರೋಗಿಗಳು, ಮಾದಕ ಮಾತ್ರೆಗೆ ಬಿದ್ದ ಹುಡುಗರು ಕಣ್ಣ ಮುಂದೆ ಇದ್ದರು. ಸತ್ತ ಮೇಲೆ ದೇವರ ಬಾಗಿಲಲ್ಲಿ ಬಡವರಿಗೆ ಏನು ಮಾಡಿದೆ ಅಂತ ಕೇಳ್ತಾರೆ ಅನ್ನೋ ಅರ್ಥದಲ್ಲಿ ಮಾತಾಡಿದರು. ಆ ಮಾತಿಗೆ ನಾನು ತಲೆಬಾಗ್ತೀನಿ. ಶಾಸನಸಭೆ ಒಪ್ಪದೆ ಇದ್ದಾಗ ಏಳು ಜನರ ಒಂದು ಮಂಡಳಿಯಲ್ಲಿ ಪಾಸು ಮಾಡಿಸಿಕೊಂಡರು ನೋಡು, ಅದು ಸರಿ ಕಾಣಲಿಲ್ಲ. ಆರು ತಿಂಗಳು ಹೆಚ್ಚು ಹಿಡಿದಿದ್ದರೂ ಸಭೆಯನ್ನ ಒಪ್ಪಿಸಬೇಕಿತ್ತು.

ಸೊಸೆ: ಆ ಆರು ತಿಂಗಳು ನಿಮಗೆ ಸುಲಭ, ಮಾವ. ಈಗ ಈ ವರ್ಷ ಜುಲೈ 4ರಂದು ಸಹಿ ಹಾಕಿದ ಕಾನೂನು ನೋಡಿ. ಆ ವಿಸ್ತರಣೆಯಲ್ಲಿ ಮೆಡಿಕೇಯ್ಡ್ ಬೇಕಿದ್ದರೆ ತಿಂಗಳಿಗೆ 80 ಗಂಟೆ ದುಡಿದಿದ್ದೀನಿ ಅಂತ ತೋರಿಸಬೇಕಂತೆ. ಅರ್ಕನ್ಸಾಸ್‌ನಲ್ಲಿ 2018ರಲ್ಲಿ ಇದನ್ನೇ ಮಾಡಿದರು. ಕೋರ್ಟು ನಿಲ್ಲಿಸೋ ಹೊತ್ತಿಗೆ 18,000 ಜನರ ವಿಮೆ ಹೋಗಿತ್ತು. ಅವರಲ್ಲಿ ಎಷ್ಟೋ ಜನ ದುಡೀತಾನೇ ಇದ್ದವರು. ಕಂಪ್ಯೂಟರಿನಲ್ಲಿ ಫಾರಂ ತುಂಬೋಕೆ ಬರಲಿಲ್ಲ, ಅಷ್ಟೇ.

ಮಾವ: ಕೈಕಾಲು ಗಟ್ಟಿ ಇರೋನು ದುಡೀಬೇಕು, ದುಡಿದು ಸಮಾಜಕ್ಕೆ ತನ್ನ ಪಾಲು ಹಾಕಬೇಕು ಅನ್ನೋದರಲ್ಲಿ ನನಗೆ ಎರಡು ಮಾತಿಲ್ಲ. ನಿನ್ನ ತಾತನಿಗೆ ಪುಕ್ಕಟೆ ಕಾರ್ಡು ಕೊಟ್ಟಿದ್ದರೆ ಡೈರಿ ಮುಂದೆ ಹಾಗೆ ಎದೆಯೆತ್ತಿ ಕೂರ್ತಿರಲಿಲ್ಲ. ಆದರೆ ದುಡಿಯೋನನ್ನ ಫಾರಂ ತುಂಬಲಿಲ್ಲ ಅಂತ ಹೊರಗೆ ಹಾಕೋದು ಅಧಿಕಾರಿಗಳ ದರ್ಬಾರು, ನಾನು ಜೀವಮಾನವೆಲ್ಲ ವಿರೋಧಿಸಿದ್ದು ಅದನ್ನೇ. ನಮ್ಮ ಶಾಸಕರ ಕಚೇರಿಗೆ ಎರಡು ಪತ್ರ ಬರೆದಿದ್ದೀನಿ, ಈ ಸಂಬಳದ ಲೆಕ್ಕ ಎಲ್ಲಾ ಸರ್ಕಾರದ ಹತ್ತಿರವೇ ಇದೆ, ನೀವೇ ನೋಡಿಕೊಳ್ಳಿ, ಬಡವನ ಕೈಲಿ ಬರೆಸಬೇಡಿ ಅಂತ.

ಸೊಸೆ: ಹಾಗಾದರೆ ನಿಮಗೆ ಬೇಕಾಗಿರೋದು ಏನು? ಇದು ಬೇಡ, ಅದು ಬೇಡ ಅಂತಲೇ ಹೇಳ್ತಾ ಬಂದ್ರಿ.

ಮಾವ: ಮೊದಲು ಬೆಲೆ ಗೋಡೆ ಮೇಲೆ ಬರೀಬೇಕು. ಓಕ್ಲಹೋಮಾ ಸಿಟಿಯಲ್ಲಿ ಸರ್ಜರಿ ಸೆಂಟರ್ ಆಫ್ ಓಕ್ಲಹೋಮಾ ಅಂತ ಒಂದಿದೆ, ವೈದ್ಯರದ್ದೇ. ಯಾವ ಆಪರೇಷನ್‌ಗೆ ಎಷ್ಟು, ಎಲ್ಲಾ ಸೇರಿ ಒಂದೇ ಸಂಖ್ಯೆ, 2009ರಿಂದ ಎಲ್ಲರಿಗೂ ಕಾಣೋ ಹಾಗೆ ಹಾಕಿದ್ದಾರೆ. ಅವರಿಗೆ ಆಗೋದು ಮಿಕ್ಕವರಿಗೆ ಯಾಕೆ ಆಗಲ್ಲ? 2021ರಿಂದ ಎಲ್ಲ ಆಸ್ಪತ್ರೆಗಳೂ ದರ ಪ್ರಕಟಿಸಬೇಕು ಅಂತ ನಿಯಮ ಬಂತು. ಟ್ರಂಪ್ ಮೊದಲ ಅವಧಿಯದ್ದು, ಬೈಡನ್ ಬಂದ ಮೇಲೆ ದಂಡ ಏರಿಸಿದರು. ಎರಡು ಸರ್ಕಾರವೂ ಹಿಡಿದುಕೊಂಡ ದಾರ ಅದು. ಆಮೇಲೆ, ಧಣಿಗೆ ಕೊಡೋ ತೆರಿಗೆ ರಿಯಾಯಿತಿಯನ್ನ ಕೆಲಸಗಾರನ ಕೈಗೇ ಕೊಡಿ. ದೊಡ್ಡ ಕಾಯಿಲೆಗೆ ವಿಮೆ ಇರಲಿ, ನೆಗಡಿ ಕೆಮ್ಮಿಗೆ ವಿಮೆ ಬೇಡ. ನಿನ್ನ 41ರ ಮನುಷ್ಯನ ಮಾತು ತಗೋ. ಬಿ.ಪಿ. ಮಾತ್ರೆ ವಾಲ್‌ಮಾರ್ಟ್‌ನಲ್ಲಿ ಆಗಲೇ ತಿಂಗಳಿಗೆ ನಾಲ್ಕು ಡಾಲರಿಗೆ ಸಿಗ್ತಿತ್ತು. ಅವನಿಗೆ ಇಲ್ಲದೆ ಇದ್ದದ್ದು ಚೀಟಿ ಬರೆಯೋ ವೈದ್ಯ. ಈಗ ಎಷ್ಟೋ ಊರಲ್ಲಿ ವೈದ್ಯರು ವಿಮೆಯನ್ನೇ ಬಿಟ್ಟು, ತಿಂಗಳಿಗೆ ಇಷ್ಟು ಅಂತ ತಗೊಂಡು ಎಷ್ಟು ಸಲ ಬಂದರೂ ನೋಡ್ತಾರೆ. ಲಾಡ್ಜ್ ಡಾಕ್ಟರೇ ಮತ್ತೆ ಬಂದ ಹಾಗೆ. ಬರೋ ಜನವರಿಯಿಂದ ಆರೋಗ್ಯ ಉಳಿತಾಯ ಖಾತೆಯಿಂದ ತಿಂಗಳಿಗೆ 150 ಡಾಲರ್ ವರೆಗೆ ಅಂಥ ವೈದ್ಯರಿಗೆ ಕೊಡಬಹುದು. ಈ ವರ್ಷದ ಆ ಕಾನೂನಿನಲ್ಲಿ ನನಗೆ ಮನಸ್ಸಿಗೆ ಬಂದ ಕಲಮು ಇದೊಂದೇ.

ಸೊಸೆ: ಕೆಲಸ ಹೋದವನ ಹತ್ತಿರ ಉಳಿತಾಯ ಖಾತೆಯಾ ಮಾವ?

ಮಾವ: ಇಲ್ಲ ಅಂದರೆ ಸರ್ಕಾರವೇ ಆ ದುಡ್ಡು ಅವನ ಖಾತೆಗೆ ಹಾಕಲಿ. ನಾನು ಬೇಡ ಅಂದಿದ್ದು ಕೊಡೋದನ್ನಲ್ಲ. ಅವನ ಹೆಸರು ಹೇಳಿ ಕಂಪನಿಗೆ ಕೊಡೋದನ್ನ.

ಸೊಸೆ: ಹೊಟ್ಟೆ ಹಿಡಿದುಕೊಂಡು ಒದ್ದಾಡೋನು ಗೋಡೆ ಮೇಲಿನ ಬೆಲೆ ಓದ್ತಾನಾ? ಆವತ್ತು ಅಪ್ಪನನ್ನ ಕರ್ಕೊಂಡು ಹೋಗೋವಾಗ ರಾತ್ರಿ ಎರಡು ಗಂಟೆ. ನಾನು ನರ್ಸು, ನನಗೇ ಕೈ ನಡುಗ್ತಿತ್ತು.

ಮಾವ: ಓದಲ್ಲ. ಎಮರ್ಜೆನ್ಸಿಗೆ ಸಂತೆ ನಿಯಮ ನಡೆಯಲ್ಲ, ಅಲ್ಲಿ ಕಾನೂನೇ ಬೇಕು. ಬಾಗಿಲಿಗೆ ಬಂದವನನ್ನ ದುಡ್ಡು ಕೇಳಿ ವಾಪಸ್ ಕಳಿಸಬಾರದು ಅಂತ 1986ರಲ್ಲಿ ಕಾನೂನಿಗೆ ಸಹಿ ಹಾಕಿದ್ದು ರೇಗನ್. ವಿಮೆ ಇದ್ದವರಿಗೆ ಎಮರ್ಜೆನ್ಸಿಯಲ್ಲಿ ಹೊರಗಿನ ಡಾಕ್ಟರ ಹೆಸರಲ್ಲಿ ಎಲ್ಲಿಂದಲೋ ಬಿಲ್ಲು ಬರೋದನ್ನ ತಡೆಯೋಕೆ 2020ರ ಡಿಸೆಂಬರ್‌ನಲ್ಲಿ ಕಾನೂನಾಯಿತು. ಎರಡು ಪಕ್ಷವೂ ಸೇರಿ ಮಾಡಿದ್ದು. ಒಂದು ನೋವು, ಅದಕ್ಕೆ ಒಂದು ಔಷಧ. ಅದನ್ನ ಕೀಳ್ತೀವಿ ಅಂತ ಯಾರೂ ಚುನಾವಣೆಗೆ ನಿಲ್ತಿಲ್ಲ. ವಿಮೆ ಕಂತಿನ ಹೆಚ್ಚುವರಿ ಸಬ್ಸಿಡಿಯ ಈ ಜಗಳ ನೋಡು ಅದರ ಪಕ್ಕದಲ್ಲಿಟ್ಟು. ಕೋವಿಡ್ ಹೊತ್ತಿಗೆ ಡೆಮಾಕ್ರಾಟರು ತಾತ್ಕಾಲಿಕ ಅಂತ ಕೊಟ್ಟರು, ಈ ಡಿಸೆಂಬರ್ 31ಕ್ಕೆ ಮುಗಿಯೋದು ಅಂತ ಬರೆದವರೂ ಅವರೇ. ಮುಗಿಯೋ ದಿನ ಹತ್ತಿರ ಬಂದಾಗ 43 ದಿನ ಸರ್ಕಾರವನ್ನೇ ಮುಚ್ಚಿಕೊಂಡು ಕೂತರು ಎರಡು ಕಡೆಯವರೂ. ಕಂತು ಯಾಕೆ ಇಷ್ಟಾಯಿತು ಅಂತ 43 ದಿನದಲ್ಲಿ ಒಬ್ಬರೂ ಕೇಳಲಿಲ್ಲ. ಅದನ್ನ ಸಾಲದ ದುಡ್ಡಲ್ಲಿ ಕಟ್ಟೋದಾ ಬೇಡವಾ ಅನ್ನೋದೇ ಮಾತು. 2024ರಲ್ಲಿ ಈ ದೇಶ ಸೈನ್ಯಕ್ಕೆ ಖರ್ಚು ಮಾಡಿದ್ದಕ್ಕಿಂತ ಸಾಲದ ಬಡ್ಡಿಗೆ ಕಟ್ಟಿದ್ದು ಹೆಚ್ಚು. ಆ ಬಡ್ಡಿ ಕಟ್ಟೋಳು ನೀನು, ನಾನಲ್ಲ.

ಸೊಸೆ: ಜನವರಿಯಲ್ಲಿ ಕಂತು ಎರಡರಷ್ಟಾಗುತ್ತೆ ಅಂತ ನಮ್ಮ ಘಟಕದ ಕ್ಲೀನಿಂಗ್ ಹೆಂಗಸು ಅಳ್ತಿದ್ದಳು. ಬಡ್ಡಿ ಲೆಕ್ಕ ಅವಳಿಗೆ ಹೇಳೋಕೆ ನನಗೆ ಬಾಯಿ ಬರಲ್ಲ ಮಾವ.

ಮಾವ: ನನಗೂ ಬರಲ್ಲ. ಒಂದೇ ಏಟಿಗೆ ನಿಲ್ಲಿಸೋದು ತಪ್ಪು. ಎರಡು ವರ್ಷದಲ್ಲಿ ಇಳಿಸ್ತಾ ಬನ್ನಿ, ಅಷ್ಟರಲ್ಲಿ ಬೆಲೆ ಇಳಿಸಿ ಅಂತ ಆ ಪತ್ರದಲ್ಲೇ ಬರೆದಿದ್ದೆ. ಉತ್ತರ ಬಂದಿಲ್ಲ. ಸರಿ, ಈಗ ಈ ಬಿಲ್ಲಿಗೆ ಬರೋಣ. ಇದರ ಮೇಲೆ ಒಂದು ಪೈಸೆ ಕಟ್ಟಬೇಡ. ಕ್ರೆಡಿಟ್ ಕಾರ್ಡಂತೂ ಬೇಡವೇ ಬೇಡ. ಪ್ರತಿ ಸಾಲಿನ ಲೆಕ್ಕ ಕೊಡಿ ಅಂತ ಕೇಳೋದು ಮೊದಲು. ಆ ನಾಲ್ಕನೇ ದರ್ಜೆ ಯಾಕೆ ಹಾಕಿದರು ಅಂತ ಕೇಳೋದು ಆಮೇಲೆ. ವಿಮೆ ಇಲ್ಲದವರ ನಗದು ದರ ಎಷ್ಟು ಅಂತ ಮೂರನೇದು. ಅದು ಅವರ ಪಟ್ಟಿಯಲ್ಲೇ ಇರುತ್ತೆ, ಸಾಮಾನ್ಯವಾಗಿ ಇದಕ್ಕಿಂತ ಕಮ್ಮಿ. ಕೊನೇಗೆ, ಸಹಾಯಧನದ ಅರ್ಜಿ ಕಳಿಸಿ ಅಂತ ಹೇಳೋದು.

ಸೊಸೆ: ಆ ಅರ್ಜಿ ಎಲ್ಲಿಂದ ಬಂತು ಹೇಳಿ ನೋಡೋಣ. ಲಾಭಕ್ಕಲ್ಲ ಅಂತ ತೆರಿಗೆ ಬಿಡಿಸಿಕೊಂಡಿರೋ ಆಸ್ಪತ್ರೆಗಳು ಸಹಾಯಧನದ ನೀತಿ ಬರೆದಿಡಲೇಬೇಕು ಅಂತ ಹೇಳಿದ್ದು 2010ರ ಕಾನೂನೇ. ನೀವು ಇಷ್ಟು ಹೊತ್ತು ಬೈದ ಕಾನೂನು.

ಮಾವ: ಗೊತ್ತು. ಆ ಕಲಮಿಗಾಗಿ ವರ್ಷಗಟ್ಟಲೆ ಆಸ್ಪತ್ರೆಗಳ ಬೆನ್ನು ಬಿದ್ದಿದ್ದವರು ಅಯೋವಾದ ರೈತ, ಸೆನೆಟರ್ ಚಕ್ ಗ್ರಾಸ್ಲೀ, ರಿಪಬ್ಲಿಕನ್. ತೆರಿಗೆ ಕಟ್ಟಲ್ಲ ಅಂದಮೇಲೆ ಬಡವರಿಗೆ ಏನು ಮಾಡಿದ್ರಿ ತೋರಿಸಿ ಅಂತ ನಮ್ಮ ಕಚೇರಿಗಳಿಗೆ ನಿದ್ದೆ ಬಿಡಿಸಿದ ಮನುಷ್ಯ. ಕೊನೇಗೆ ಆ ಕಾನೂನಿಗೆ ವಿರುದ್ಧ ಮತ ಹಾಕಿದರು. ಅವರ ಕಲಮು ಅದರೊಳಗೆ ಉಳೀತು. ಎರಡು ಕಡೆಯವರೂ ಕೂತು ಮಾತಾಡಿದ ಜಾಗದಲ್ಲಿ ಏನು ಹುಟ್ಟುತ್ತೆ ಅಂತ ತೋರಿಸೋಕೆ ಅದೊಂದು ಕಲಮು ಸಾಕಿತ್ತು. ಇನ್ನಷ್ಟು ಕಾಲ ಕೂತಿದ್ದರೆ ಇನ್ನೆಷ್ಟು ಹುಟ್ಟುತ್ತಿತ್ತೋ ಅನ್ನೋದು ನನ್ನ ಸಂಕಟ.

ಸೊಸೆ: ಅಪ್ಪ ಎದ್ದರು ಅನ್ನಿಸುತ್ತೆ, ದೀಪ ಹಾಕಿದರು.

ಮಾವ: ರಾತ್ರಿ ಮಾತ್ರೆ ಮರೆತಿರಬೇಕು. ಊರಿಂದ ಎಷ್ಟು ತಿಂಗಳಿಗೆ ಆಗೋವಷ್ಟು ತಂದಿದ್ದಾರೆ?

ಸೊಸೆ: ಮೂರು ತಿಂಗಳದ್ದು. ಚಟ್ನಿಪುಡಿ ಡಬ್ಬಿ ಜೊತೆ ಒಂದು ಚೀಲ ಪೂರ್ತಿ ಸ್ಟ್ರಿಪ್ಪುಗಳೇ. ಜೊತೆಗೆ ಮಂಡ್ಯದ ಡಾಕ್ಟರ ಚೀಟಿ, ಕಸ್ಟಮ್ಸ್‌ನವರಿಗೆ ತೋರಿಸೋಕೆ. ಡಾಕ್ಟರ ಕನ್ಸಲ್ಟೇಷನ್ ಫೀಸು ಮುನ್ನೂರು ರೂಪಾಯಿ ಅಂತ ಚೀಟಿ ತಲೆ ಮೇಲೇ ಅಚ್ಚಾಗಿದೆ.

ಮಾವ: ಬೆಳಿಗ್ಗೆ ಎಂಟಕ್ಕೆ ಬಿಲ್ಲಿಂಗ್‌ನವರು ಫೋನ್ ಎತ್ತುತ್ತಾರೆ. ಎಂಟಕ್ಕೆ ಐದು ನಿಮಿಷ ಇರೋವಾಗಲೇ ಮಾಡಬೇಕು, ಇಲ್ಲದಿದ್ದರೆ ಮುಕ್ಕಾಲು ಗಂಟೆ ಸಂಗೀತ ಕೇಳಬೇಕಾಗುತ್ತೆ. ಒಂದು ಚೀಟಿಯಲ್ಲಿ ನಿಮ್ಮಪ್ಪನ ಹುಟ್ಟಿದ ತಾರೀಖು ಬರೆದುಕೊಡು, ಅದನ್ನೇ ಮೊದಲು ಕೇಳೋದು. ತಿಂಗಳು ಮೊದಲು, ದಿನ ಆಮೇಲೆ. ಅವರ ಪದ್ಧತಿಯಲ್ಲಿ ಬರಿ.